ಗುಲಾಮರ ವಂಶಾವಳಿಯೂ ಐತಿಹಾಸಿಕ ಕಾದಂಬರಿಯೂ

೧

ಒಂದು ಮನೆತನದ ಇತಿಹಾಸವನ್ನು ಬರೆಯಹೊರಟವನು ಮೊದಲು ಹುಡುಕುವುದು ಆ ಮನೆತನದ ವಂಶಾವಳಿಯನ್ನು. ನಮ್ಮ ನಾಡಿನ ಅರಸುಮನೆತನಗಳ ವಂಶಾವಳಿ ತಾಮ್ರಪಟಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ದೊರೆಯುತ್ತದೆ. ಪಾಳೆಯಗಾರರದು ಕೈಫಿಯತ್ತುಗಳಲ್ಲಿ ದೊರೆಯುತ್ತದೆ. ಇವುಗಳಲ್ಲಿ ಅತ್ಯುಕ್ತಿಯಿರಬಹುದು, ಕಟ್ಟುಕತೆಯೂ ಬೆರೆತಿರಬಹುದು. ಆದರೂ ಇವೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವುಂಟು. ವಂಶಾವಳಿಯನ್ನು ಬರೆಯಿಸಿದವರು ಆ ವಂಶದವರೇ. ತಮ್ಮ ಹೆಸರು ಉಳಿಯಬೇಕೆಂಬುದೇ ಅವರ ಉದ್ದೇಶ. ಯುರೋಪಿನ ವಂಶಕಥೆಯ ಕಾದಂಬರಿಗಳೂ ಇದೇ ತಳಹದಿಯ ಮೇಲೆ ನಿಂತವು. ಟಾಮಸ್ ಮಾನ್ ೧೯೦೧ರಲ್ಲಿ ಪ್ರಕಟಿಸಿದ 'ಬುಡನ್‌ಬ್ರೂಕ್ಸ್' ಎಂಬ ಕಾದಂಬರಿಯಲ್ಲಿ ಆ ವರ್ತಕರ ಮನೆಯವರು ಜನನ, ವಿವಾಹ, ಮರಣಗಳನ್ನು ಬರೆದಿಡುವ ಒಂದು ಪುಸ್ತಕವಿದೆ. ವಂಶದ ಕೊನೆಯ ಕುಡಿಯಾದ ಬಾಲಕನು ಅದರಲ್ಲಿ ತನ್ನ ಹೆಸರಿನ ಕೆಳಗೆ ಗೆರೆಯೆಳೆದುಬಿಡುತ್ತಾನೆ. ಮನೆತನವು ಮುಗಿಯುವುದನ್ನು ಸಹ ಮನೆತನದವನ ಕೈಯೇ ಬರೆಯಿತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿಗೆ ಒಳಪಟ್ಟಿದ್ದ ಕಪ್ಪು ಜನರ ವಿಷಯದಲ್ಲಿ ಈ ಕ್ರಮವು ತಿರುಗುಮುರುಗಾಯಿತು. ಅವರ ಮನೆತನದ ಲೆಕ್ಕವನ್ನು ಬರೆದವನು ಅವರ ಒಡೆಯ. ಅವನು ಬರೆದದ್ದು ಅವರ ಹೆಸರು ಉಳಿಯಲೆಂದಲ್ಲ, ತನ್ನ ಆಸ್ತಿ ಉಳಿಯಲೆಂದು. ಹೀಗಿದ್ದರೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಆ ಜನರ ಲೇಖಕರು ಹಲವು ತಲೆಮಾರುಗಳನ್ನು ವ್ಯಾಪಿಸುವ ವಂಶಕಥೆಗಳನ್ನು ಒಂದರ ಮೇಲೊಂದರಂತೆ ಬರೆದಿದ್ದಾರೆ. ವಂಶಾವಳಿಯೇ ಇಲ್ಲದವರು ವಂಶಕಥೆಯನ್ನು ಹೇಗೆ ಬರೆದರು? ಆಧಾರವು ಎಲ್ಲಿ ಮುಗಿಯುತ್ತದೆ, ಕಲ್ಪನೆ ಎಲ್ಲಿ ತೊಡಗುತ್ತದೆ? ಕಲ್ಪನೆಯನ್ನು ಆಧಾರವೆಂದು ಮುಂದಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಗಳನ್ನು ಕೆಲವು ಪ್ರಸಿದ್ಧ ಕೃತಿಗಳ ಮೂಲಕ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಕಾನೂನಿನ ಸ್ಥಿತಿಯನ್ನು ತಿಳಿಯಬೇಕು. ಇಂಗ್ಲೆಂಡಿನ ಸಂಪ್ರದಾಯದಂತೆ ಮಗುವಿಗೆ ಬರುವುದು ತಂದೆಯ ಅಂತಸ್ತು. ವರ್ಜೀನಿಯದಲ್ಲಿ ಎಲಿಜಬೆತ್ ಕೀ ಎಂಬಾಕೆ ತನ್ನ ತಂದೆ ಇಂಗ್ಲಿಷಿನವನೆಂಬುದನ್ನೂ ಒಂದು ಕಾರಣವಾಗಿ ಹೇಳಿ ದಾವೆ ಹೂಡಿ ೧೬೫೬ರಲ್ಲಿ ಬಿಡುಗಡೆಯನ್ನು ಪಡೆದಳು. ಇಂತಹ ದಾವೆಗಳಿಗೆ ಎಡೆಯಿಲ್ಲದಂತೆ ೧೬೬೨ರಲ್ಲಿ ಅಲ್ಲಿನ ಶಾಸನಸಭೆಯು ಒಂದು ಕಾಯಿದೆಯನ್ನು ಮಾಡಿ, ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯಿಂದಲೇ ನಿರ್ಣಯವಾಗತಕ್ಕದ್ದೆಂದು ವಿಧಿಸಿತು. ಇದರ ಫಲವು ಎರಡು ಬಗೆಯಾಯಿತು. ಒಡೆಯನಿಗೆ ಗುಲಾಮ ಸ್ತ್ರೀಯಲ್ಲಿ ಹುಟ್ಟಿದ ಮಗು ಅವನ ಮಗುವಾಗದೆ ಅವನ ಆಸ್ತಿಯಾಯಿತು. ತಂದೆಯು ಗುಲಾಮನಾದರೂ ಸ್ವತಂತ್ರನಾದರೂ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಸ್ಥಳವೇ ಇಲ್ಲದಾಯಿತು. ಮಾತೃಮೂಲವಾದ ಕುಲಕ್ರಮವು ಲೋಕದಲ್ಲಿ ಅಪರೂಪವಲ್ಲ. ಆದರೆ ತಾಯಿಯ ಗೌರವಕ್ಕಾಗಿ ಅಲ್ಲದೆ ತಾಯಿಯನ್ನು ಬಂಡವಾಳವೆಂದೆಣಿಸಿ ಏರ್ಪಡಿಸಿದ ಮಾತೃಕ್ರಮವಿದು.

ಜನಗಣತಿಯೂ ಇದೇ ದಾರಿಯನ್ನು ಹಿಡಿಯಿತು. ೧೮೫೦ ಮತ್ತು ೧೮೬೦ರ ಗಣತಿಗಳಲ್ಲಿ ಗುಲಾಮರಿಗೆ ಬೇರೆ ಪಟ್ಟಿಗಳಿದ್ದವು. ಅವುಗಳಲ್ಲಿ ಒಡೆಯನ ಹೆಸರುಂಟು. ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇಷ್ಟೇ ಉಂಟು. ಗುಲಾಮನ ಹೆಸರು ಸಾಮಾನ್ಯವಾಗಿ ಇಲ್ಲ. ಅಂತರ್ಯುದ್ಧವು ಮುಗಿದು ಗುಲಾಮಗಿರಿಯು ರದ್ದಾದ ಮೇಲೆ ೧೮೭೦ರಲ್ಲಿ ನಡೆದ ಗಣತಿಯಲ್ಲಿಯೇ ಆ ಜನರೆಲ್ಲರ ಹೆಸರುಗಳು ಮೊದಲ ಬಾರಿಗೆ ಕಾಣಿಸಿಕೊಂಡವು. ಕಪ್ಪು ಮನೆತನಗಳ ಮೂಲವನ್ನು ಶೋಧಿಸುವವರಿಗೆ ಈ ೧೮೭೦ ಒಂದು ಗೋಡೆ. ಈಚೆಗೆ ದಾರಿಯುಂಟು, ಆಚೆಗೆ ಹೋಗಬೇಕಾದರೆ ಒಡೆಯನ ಮನೆಯ ಕಾಗದಗಳ ಮೂಲಕವೇ ಹೋಗಬೇಕು.

ಆ ಕಾಗದಗಳಾದರೂ ಎಂತಹವು? ಒಡೆಯನು ಸತ್ತಾಗ ಬರೆದ ಆಸ್ತಿಯ ಪಟ್ಟಿ, ವಾರಸುದಾರರ ವಿಭಾಗಪತ್ರ, ಸಾಲಕ್ಕೆ ಒತ್ತೆಯಿಟ್ಟ ಪತ್ರ, ಕ್ರಯಪತ್ರ, ಓಡಿಹೋದವನನ್ನು ಹಿಡಿದುಕೊಟ್ಟರೆ ಬಹುಮಾನವೆಂಬ ಪ್ರಕಟಣೆ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಕುಟುಂಬವು ಕೂಡಿ ಬಾಳುತ್ತಿದ್ದ ದಿನಗಳಲ್ಲಿ ಕಾಗದವು ಬಹುಮಟ್ಟಿಗೆ ಮೌನ. ಯಾರಾದರೂ ಅಗಲಿದಾಗ, ಇಲ್ಲವೆ ಅಗಲುವ ಭಯ ಬಂದಾಗ, ಅದು ಮಾತಾಡುತ್ತದೆ. ಕುಟುಂಬವು ಒಡೆದ ದಿನವೇ ಎಷ್ಟೋ ದಾಖಲೆಗಳು ಹುಟ್ಟಿದ ದಿನ. ೧೭೯೦ರಿಂದ ೧೮೬೦ರವರೆಗೆ ಉತ್ತರದ ತೋಟಗಳಿಂದ ದಕ್ಷಿಣದ ಹತ್ತಿಯ ಸೀಮೆಗೆ ಸುಮಾರು ೧೦ ಲಕ್ಷ ಗುಲಾಮರನ್ನು ಸಾಗಿಸಿದರೆಂದು ಇತಿಹಾಸಕಾರರು ಎಣಿಸುತ್ತಾರೆ. ಬಿಡುಗಡೆಯಾದ ಮೇಲೆ ಈ ಜನರು ಅಗಲಿದ ತಾಯಿಯನ್ನೂ ಮಕ್ಕಳನ್ನೂ ಹುಡುಕಿ ಪತ್ರಿಕೆಗಳಲ್ಲಿ ಪ್ರಕಟಣೆಗಳನ್ನು ಹಾಕಿಸಿದರು. ಅವುಗಳಲ್ಲಿ ಒಡೆಯರ ಹೆಸರು, ಮಾರಾಟವಾದ ಊರು, ಒಡಹುಟ್ಟಿದವರ ಹೆಸರು ಇವೆಲ್ಲ ಬರುತ್ತವೆ. ತಮ್ಮ ವಂಶಾವಳಿಯನ್ನು ತಾವೇ ಬರೆಯಿಸಿದ ಮೊದಲ ಬರೆಹಗಳ ಸಾಲಿನಲ್ಲಿ ಇವನ್ನು ಎಣಿಸತಕ್ಕದ್ದು.

೩

ಈ ವಿಷಯವು ಕೇವಲ ಸಾಹಿತ್ಯದ್ದಲ್ಲ. ೧೯೩೯ರಲ್ಲಿ ಸಮಾಜಶಾಸ್ತ್ರಜ್ಞ ಫ್ರೇಜಿಯರ್ ಅವರು ತಮ್ಮ ಗ್ರಂಥದಲ್ಲಿ ಗುಲಾಮಗಿರಿಯು ಕಪ್ಪು ಕುಟುಂಬದ ಕಟ್ಟನ್ನು ಸಡಿಲಿಸಿತೆಂದು ವಾದಿಸಿದರು. ೧೯೬೫ರಲ್ಲಿ ಅಮೆರಿಕ ಸರಕಾರದ ಅಧಿಕಾರಿಯಾಗಿದ್ದ ಮಾಯ್ನಿಹಾನ್ ಅವರ ವರದಿಯು ಇದೇ ಎಳೆಯನ್ನು ಹಿಡಿದು, ಆ ಜನರ ಅಂದಿನ ಕಷ್ಟಗಳಿಗೆ ಕುಟುಂಬದ ಶೈಥಿಲ್ಯವನ್ನು ಮುಖ್ಯ ಕಾರಣವಾಗಿ ಎತ್ತಿ ತೋರಿಸಿತು. ಹೀಗಾಗಿ ಅವರಿಗೆ ಕುಟುಂಬವೆಂಬುದು ಇತ್ತೇ ಎಂಬ ಪ್ರಶ್ನೆಯು ರಾಜ್ಯನೀತಿಯ ಪ್ರಶ್ನೆಯಾಯಿತು. ಹರ್ಬರ್ಟ್ ಗಟ್‌ಮನ್ ಅವರು ತೋಟಗಳ ಜನನದ ಪಟ್ಟಿಗಳನ್ನು ತಲೆಮಾರು ತಲೆಮಾರಾಗಿ ಹೊಂದಿಸಿ ೧೯೭೬ರಲ್ಲಿ ಉತ್ತರ ಕೊಟ್ಟರು. ಕಾನೂನು ಮನ್ನಿಸದ ಮದುವೆಗಳು ಹಲವು ವರ್ಷ ಬಾಳಿದುದನ್ನು ಅವರು ತೋರಿಸಿದರು. ಲೆಕ್ಕದಲ್ಲಿ ತಂದೆಗೆ ಸ್ಥಳವಿಲ್ಲದಿದ್ದರೂ ಗುಲಾಮರು ಮಗನಿಗೆ ತಂದೆಯ ಹೆಸರನ್ನೂ ಅಜ್ಜನ ಹೆಸರನ್ನೂ ಇಡುತ್ತಿದ್ದರು. ಒಡೆಯರ ಮನೆಗಳಲ್ಲಿ ನಡೆಯುತ್ತಿದ್ದ ಸೋದರಸಂಬಂಧದ ಮದುವೆಗಳನ್ನು ತಾವು ವರ್ಜಿಸುತ್ತಿದ್ದರು. ಒಡೆಯನ ಲೆಕ್ಕದಲ್ಲಿಯೇ ಒಡೆಯನಿಗೆ ತಿಳಿಯದ ವಂಶಾವಳಿಯೊಂದು ಅಡಗಿತ್ತು.

೪

ಕಾದಂಬರಿಗಳಲ್ಲಿ ಮೊದಲು ಹೇಳಬೇಕಾದದ್ದು ಮಾರ್ಗರೆಟ್ ವಾಕರ್ ಅವರ 'ಜೂಬಿಲಿ' (೧೯೬೬). ವಾಕರ್ ಅವರು ತಮ್ಮ ಮುತ್ತಜ್ಜಿಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿದ್ದರು. ಸುಮಾರು ಮೂವತ್ತು ವರ್ಷ ಗ್ರಂಥಭಂಡಾರಗಳಲ್ಲಿ ಆಧಾರಗಳನ್ನು ಸಂಗ್ರಹಿಸಿ, ಐಯೋವಾ ವಿಶ್ವವಿದ್ಯಾನಿಲಯಕ್ಕೆ ಡಾಕ್ಟರೇಟಿನ ಪ್ರಬಂಧವಾಗಿ ಈ ಕಾದಂಬರಿಯನ್ನೇ ಒಪ್ಪಿಸಿದರು. ಕಥಾನಾಯಿಕೆ ವೈರಿ, ಜಾರ್ಜಿಯದ ತೋಟದೊಡೆಯನಿಗೆ ಗುಲಾಮ ಸ್ತ್ರೀಯಲ್ಲಿ ಹುಟ್ಟಿದವಳು. ಮೂವತ್ತು ವರ್ಷ ತುಂಬುವ ಮೊದಲೇ ಹಲವು ಹೆರಿಗೆಗಳಿಂದ ಬಳಲಿ ಸಾಯುತ್ತಿರುವ ತಾಯಿಯ ಮಂಚದ ಬಳಿಯಲ್ಲಿ ಕಥೆ ತೊಡಗುತ್ತದೆ. ೧೬೬೨ರ ಕಾಯಿದೆಯ ಅರ್ಥವೇನೆಂಬುದನ್ನು ಈ ಆರಂಭವು ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿಸುತ್ತದೆ. ಕಥೆಯು ಗುಲಾಮಗಿರಿ, ಯುದ್ಧ, ಯುದ್ಧಾನಂತರದ ಪುನರ್ನಿರ್ಮಾಣ ಎಂಬ ಮೂರು ಘಟ್ಟಗಳಲ್ಲಿ ಸಾಗುತ್ತದೆ; ಅಧ್ಯಾಯಗಳ ತಲೆಯಲ್ಲಿ ಆ ಜನರ ಹಾಡಿನ ಸಾಲುಗಳೂ ನಾಣ್ಣುಡಿಗಳೂ ಬರುತ್ತವೆ. ಒಡೆಯನ ಪತ್ರಗಳಿಗೆ ಎದುರಾಗಿ ಜನಪದದ ಬಾಯಿಮಾತನ್ನು ಇಟ್ಟದ್ದು ಲೇಖಕಿಯ ಕ್ರಮ. ಮುಖ್ಯ ಸಂಗತಿಯೆಂದರೆ, ಅವರು ಅಜ್ಜಿಯ ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟರು. ಕೃತಿಯನ್ನು ಕಾದಂಬರಿಯೆಂದೇ ಕರೆದರು. ಅದು ಹುಟ್ಟಿದ ಬಗೆಯನ್ನು ೧೯೭೨ರಲ್ಲಿ ಬೇರೆಯಾಗಿ ಬರೆದು ಪ್ರಕಟಿಸಿದರು.

೫

ಹತ್ತು ವರ್ಷಗಳ ತರುವಾಯ ಬಂದ ಅಲೆಕ್ಸ್ ಹೇಲಿ ಅವರ 'ರೂಟ್ಸ್' (೧೯೭೬) ಬೇರೆ ದಾರಿಯನ್ನು ಹಿಡಿಯಿತು. ಈ ಕೃತಿಯ ವಿಚಾರವನ್ನು ವಿಸ್ತರಿಸಿ ಹೇಳುವುದು ಅವಶ್ಯ. ಏಕೆಂದರೆ ನಮ್ಮ ಪ್ರಶ್ನೆಯ ಗಂಟು ಇಲ್ಲಿಯೇ ಇದೆ.

ಟೆನೆಸಿಯ ಹೆನಿಂಗ್ ಎಂಬ ಊರಿನಲ್ಲಿ ಅಜ್ಜಿಯ ಮನೆಯ ಜಗಲಿಯ ಮೇಲೆ ಹೇಲಿ ಬಾಲ್ಯದಲ್ಲಿ ಕೇಳಿದ ಕಥೆಗಳಲ್ಲಿ ಆಫ್ರಿಕದಿಂದ ಬಂದ ಒಬ್ಬ ಮೂಲಪುರುಷನಿದ್ದನು. ನದಿಯನ್ನು ಅವನು 'ಕಾಂಬಿ ಬೊಲೊಂಗೊ' ಎನ್ನುತ್ತಿದ್ದನಂತೆ. ಭಾಷಾತಜ್ಞರ ಸಹಾಯದಿಂದ ಇದು ಗ್ಯಾಂಬಿಯಾ ನದಿಯ ಹೆಸರೆಂದು ಹೇಲಿ ಗೊತ್ತುಮಾಡಿಕೊಂಡರು. ಜುಫುರೆ ಎಂಬ ಹಳ್ಳಿಯಲ್ಲಿ ಒಬ್ಬ ಮುದುಕನಿಂದ ಕಿಂಟೆ ಮನೆತನದ ವಂಶಪಾಠವನ್ನು ಕೇಳಿದರು. ಕಟ್ಟಿಗೆ ತರಲು ಹೋದ ಕುಂಟಾ ಎಂಬ ಯುವಕನು ಹಿಂದಿರುಗಲಿಲ್ಲವೆಂದು ಅದರಲ್ಲಿ ಬಂದಿತು. ೧೭೬೭ರಲ್ಲಿ ಅನಾಪೊಲಿಸ್ ರೇವಿಗೆ ಬಂದ 'ಲಾರ್ಡ್ ಲಿಗೋನಿಯರ್' ಎಂಬ ಹಡಗಿನಲ್ಲಿ ಅವನು ಬಂದನೆಂದೂ, ವರ್ಜೀನಿಯದ ವಾಲರ್ ಮನೆಯವರ ಪತ್ರಗಳಲ್ಲಿ ಕಾಣುವ ಟೋಬಿ ಎಂಬ ಗುಲಾಮನು ಅವನೇ ಎಂದೂ ಹೇಲಿ ನಿರ್ಣಯಿಸಿದರು. ಕುಂಟಾನಿಂದ ಮಗಳು ಕಿಜ್ಜಿ, ಅವಳಿಂದ ಜಾರ್ಜ್, ಅವನಿಂದ ಕಮ್ಮಾರ ಟಾಮ್, ಹೀಗೆ ಏಳನೆಯ ತಲೆಮಾರಿಗೆ ಹೇಲಿ ಬರುತ್ತಾರೆ. ೧೯೭೭ರ ಜನವರಿಯಲ್ಲಿ ಎಂಟು ರಾತ್ರಿ ದೂರದರ್ಶನದಲ್ಲಿ ಈ ಕಥೆ ಪ್ರದರ್ಶಿತವಾದಾಗ ಕೊನೆಯ ಭಾಗವನ್ನು ಸುಮಾರು ೧೦ ಕೋಟಿ ಜನ ನೋಡಿದರೆಂದು ಅಂದಾಜು. ಅದೇ ವರ್ಷ ಪುಲಿಟ್ಜರ್ ಮಂಡಲಿಯ ವಿಶೇಷ ಪುರಸ್ಕಾರವೂ ದೊರೆಯಿತು.

ಆಕ್ಷೇಪಗಳು ಕೂಡಲೆ ತಲೆದೋರಿದವು. ೧೯೭೭ರ ಏಪ್ರಿಲಿನಲ್ಲಿ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯು ಜುಫುರೆಯ ಮುದುಕನ ಸಾಕ್ಷ್ಯವನ್ನು ಪ್ರಶ್ನಿಸಿತು. ೧೯೮೧ರಲ್ಲಿ ಆಫ್ರಿಕದ ಇತಿಹಾಸಜ್ಞ ಡೊನಾಲ್ಡ್ ರೈಟ್ ಅವರು, ಆ ಮುದುಕನು ಪರಂಪರೆಯಿಂದ ಶಿಕ್ಷಿತನಾದ ವಂಶಪಾಠಕನಲ್ಲವೆಂದೂ, ಹೇಲಿ ಏನನ್ನು ಹುಡುಕಿಕೊಂಡು ಬಂದಿದ್ದರೆಂಬುದು ಅಲ್ಲಿನವರಿಗೆ ಮೊದಲೇ ಗೊತ್ತಿತ್ತೆಂದೂ ತೋರಿಸಿದರು. ಅದೇ ವರ್ಷ ವಂಶಾವಳಿಯ ಸಂಶೋಧಕರಾದ ಮಿಲ್ಸ್ ದಂಪತಿಗಳು ವರ್ಜೀನಿಯದ ಪತ್ರಗಳನ್ನು ಮರಳಿ ಪರೀಕ್ಷಿಸಿದರು. ಟೋಬಿಯ ಹೆಸರು ಹಡಗು ಬರುವುದಕ್ಕೆ ಐದು ವರ್ಷ ಮೊದಲೇ, ೧೭೬೨ರಲ್ಲಿ, ವಾಲರ್ ಮನೆಯ ಪತ್ರದಲ್ಲಿದೆ. ೧೭೮೨ರ ಹೊತ್ತಿಗಾಗಲೇ ಅದು ಲುಪ್ತವಾಗಿದೆ. ಕಿಜ್ಜಿ ಹುಟ್ಟಿದ್ದು ೧೭೯೦ರಲ್ಲಿ ಎಂಬುದು ಪುಸ್ತಕದ ಲೆಕ್ಕ. ಹೀಗಿರಲು ಟೋಬಿಯು ಕುಂಟಾನೂ ಆಗಲಾರ, ಕಿಜ್ಜಿಯ ತಂದೆಯೂ ಆಗಲಾರ. ಇದಲ್ಲದೆ ಹೆರಾಲ್ಡ್ ಕೂರ್ಲಾಂಡರ್ ಎಂಬ ಲೇಖಕರು ೧೯೬೭ರಲ್ಲಿ ಪ್ರಕಟಿಸಿದ್ದ 'ದಿ ಆಫ್ರಿಕನ್' ಎಂಬ ಕಾದಂಬರಿಯ ಭಾಗಗಳು 'ರೂಟ್ಸ್'ನಲ್ಲಿ ಸೇರಿಕೊಂಡಿವೆಯೆಂದು ಹೂಡಿದ ದಾವೆಯು ೧೯೭೮ರಲ್ಲಿ ೬,೫೦,೦೦೦ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಅಂತಹ ಭಾಗಗಳು ಸೇರಿವೆಯೆಂದು ಹೇಲಿ ಒಪ್ಪಿಕೊಂಡರು. ವಾಕರ್ ಅವರು ಹೂಡಿದ ಇಂತಹುದೇ ದಾವೆಯನ್ನು ನ್ಯಾಯಾಲಯವು ತಳ್ಳಿಹಾಕಿತು.

ಇಷ್ಟಾದರೂ 'ರೂಟ್ಸ್' ಪೂರ್ಣವಾಗಿ ಬಿದ್ದುಹೋಯಿತೆನ್ನುವುದು ಸರಿಯಲ್ಲ. ಎಲ್ಲಿ ಬಿದ್ದಿತು, ಎಲ್ಲಿ ನಿಂತಿತು ಎಂಬುದನ್ನು ನೋಡಬೇಕು. ವಾಷಿಂಗ್ಟನ್ನಿನ ಸರಕಾರಿ ದಫ್ತರಖಾನೆಯಲ್ಲಿ ೧೮೭೦ರ ಗಣತಿಯ ಪುಟಗಳನ್ನು ತಿರುವುತ್ತಿದ್ದಾಗ ಕಮ್ಮಾರ ಟಾಮ್ ಮರೆ ಮತ್ತು ಅವನ ಹೆಂಡತಿಯ ಹೆಸರುಗಳು ಕಂಡ ಸಂಗತಿಯನ್ನು ಹೇಲಿ ಪುಸ್ತಕದ ಕೊನೆಯಲ್ಲಿ ಹೇಳುತ್ತಾರೆ. ಅಜ್ಜಿಯ ಕಥೆಯು ಅಲ್ಲಿ ಕಾಗದದೊಡನೆ ಕೂಡಿತು. ಆ ಕೂಡಿಕೆ ನಿಂತಿದೆ. ಮುರಿದಿರುವುದು ೧೮೭೦ರ ಆಚೆಯ ಕೊಂಡಿಗಳು. ಮೇಲೆ ಹೇಳಿದ ಗೋಡೆಯ ಗುರುತು ಈ ಪುಸ್ತಕದ ಮೈಮೇಲೆಯೇ ಇದೆ. ಹೇಲಿಯ ದೋಷವು ಕಲ್ಪಿಸಿದುದರಲ್ಲಿ ಇಲ್ಲ. ಗೋಡೆಯ ಆಚೆಯ ಕಲ್ಪನೆಗೂ ಈಚೆಯ ಆಧಾರಕ್ಕೂ ಒಂದೇ ಮುದ್ರೆಯನ್ನು ಒತ್ತಿದುದರಲ್ಲಿದೆ. ಇದರಿಂದಾದ ನಷ್ಟವೂ ಸಣ್ಣದಲ್ಲ. ಕಪ್ಪು ಜನರ ಬಾಯಿಮಾತಿನ ಐತಿಹ್ಯವನ್ನೆಲ್ಲ ಅಲ್ಲಗಳೆಯಬಯಸುವವರಿಗೆ ಒಂದು ನೆಪ ಸಿಕ್ಕಿತು. ಲಾಭವನ್ನೂ ಹೇಳಬೇಕು. ಆ ಪುಸ್ತಕದಿಂದ ಪ್ರೇರಿತರಾಗಿ ಅಸಂಖ್ಯಾತ ಜನರು ತಮ್ಮ ಮನೆತನದ ಕಾಗದಗಳನ್ನು ಹುಡುಕತೊಡಗಿದರು. ಆಫ್ರಿಕಾಮೂಲದ ಅಮೆರಿಕನ್ನರ ಇತಿಹಾಸ ಮತ್ತು ವಂಶಾವಳಿಗಳ ಶೋಧನೆಗಾಗಿಯೇ ಒಂದು ಸಂಘವು ೧೯೭೭ರಲ್ಲಿ ಸ್ಥಾಪಿತವಾಯಿತು.

೬

ಅನಂತರದ ಕಾದಂಬರಿಕಾರರು ಈ ಪಾಠವನ್ನು ಬಗೆಬಗೆಯಾಗಿ ಅರಗಿಸಿಕೊಂಡಂತೆ ತೋರುತ್ತದೆ. ಟೋನಿ ಮಾರಿಸನ್ ಅವರ 'ಸಾಂಗ್ ಆಫ್ ಸಾಲೊಮನ್' ೧೯೭೭ರದು. ಅದರಲ್ಲಿ ಬಿಡುಗಡೆಯಾದ ಗುಲಾಮನ ಹೆಸರನ್ನು ದಾಖಲೆಮಾಡುವ ಸೈನಿಕನು ಕುಡಿದ ಅಮಲಿನಲ್ಲಿ ಖಾನೆಗಳನ್ನು ತಪ್ಪಿಸಿ ಬರೆಯುತ್ತಾನೆ. ಹುಟ್ಟಿದ ಊರಾದ ಮೇಕನ್ ಎಂಬುದು ಹೆಸರಾಗುತ್ತದೆ; ತಂದೆ ಸತ್ತನೆಂಬ ಉತ್ತರವು ಮನೆತನದ ಹೆಸರಾಗಿ ಕೂರುತ್ತದೆ. 'ಸತ್ತ' ಎಂಬ ಉಪನಾಮವನ್ನು ಮೂರು ತಲೆಮಾರು ಹೊರುತ್ತದೆ. ನಿಜವಾದ ಮೂಲಪುರುಷನ ಹೆಸರು ಸಿಕ್ಕುವುದು ಮಕ್ಕಳು ಆಡುತ್ತ ಹಾಡುವ ಹಾಡಿನಲ್ಲಿ. ಕಾಗದವು ತಪ್ಪಬಹುದು, ಹಾಡು ಉಳಿಸಬಹುದು ಎಂಬುದು ಇಲ್ಲಿಯ ವಾದ. ಆದರೆ ಇದು ಪ್ರಕಟವಾಗಿಯೇ ಕಥೆ. ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್' (೧೯೭೯) ಇನ್ನೊಂದು ಕಠಿನವಾದ ಮುಖವನ್ನು ತೋರಿಸುತ್ತದೆ. ಇಪ್ಪತ್ತನೆಯ ಶತಮಾನದ ಹೆಣ್ಣೊಬ್ಬಳು ಮಾಯೆಯಿಂದಲೋ ಎಂಬಂತೆ ಹಿಂದಿನ ಶತಮಾನದ ಮೇರಿಲೆಂಡಿಗೆ ಮತ್ತೆ ಮತ್ತೆ ಎಳೆಯಲ್ಪಡುತ್ತಾಳೆ. ಮನೆಯ ಬೈಬಲಿನಲ್ಲಿ ಬರೆದ ಪೂರ್ವಜರ ಹೆಸರುಗಳು ಅವಳಿಗೆ ಗೊತ್ತು. ಆ ವಂಶವು ಹುಟ್ಟಬೇಕಾದರೆ ಕ್ರೂರಿಯಾದ ಒಡೆಯನ ಪ್ರಾಣವನ್ನು ಅವಳೇ ಕಾಪಾಡಬೇಕು. ಏಕೆಂದರೆ ಅವನೂ ಅವಳ ಪೂರ್ವಜ. ವಂಶಾವಳಿಯು ದೊರೆತ ಮಾತ್ರಕ್ಕೆ ನೆಮ್ಮದಿ ದೊರೆಯುವುದಿಲ್ಲವೆಂಬುದನ್ನು ಇದಕ್ಕಿಂತ ತೀಕ್ಷ್ಣವಾಗಿ ಹೇಳುವುದು ಕಷ್ಟ.

ಲಲಿತಾ ಟೇಡೆಮಿ ಅವರ 'ಕೇನ್ ರಿವರ್' (೨೦೦೧) ಲೂಯಿಸಿಯಾನದ ಒಂದೇ ಮನೆತನದ ಎಲಿಜಬೆತ್, ಸೂಜೆಟ್, ಫಿಲೊಮೀನ್, ಎಮಿಲಿ ಎಂಬ ನಾಲ್ಕು ತಲೆಮಾರಿನ ಹೆಂಗಸರ ಕಥೆ. ಇವರು ಲೇಖಕಿಯ ಪೂರ್ವಜೆಯರೇ. ೧೮೭೦ರ ಗೋಡೆಯು ಇಲ್ಲಿ ಅಷ್ಟು ಎತ್ತರವಾಗಿಲ್ಲದ್ದಕ್ಕೆ ಕಾರಣ ಆ ಪ್ರಾಂತದ ಚರಿತ್ರೆಯಲ್ಲಿದೆ. ಅಲ್ಲಿ ಮೊದಲು ಫ್ರೆಂಚರ ಆಳಿಕೆಯಿತ್ತು. ಗುಲಾಮರಿಗೂ ಕ್ರೈಸ್ತದೀಕ್ಷೆಯನ್ನು ಕೊಡಿಸಬೇಕೆಂಬ ೧೭೨೪ರ ನಿಬಂಧನೆಯಿಂದ ಅವರ ಹೆಸರುಗಳು ಇಗರ್ಜಿಯ ಪುಸ್ತಕದಲ್ಲಿ ಸೇರಿದವು. ಗುಲಾಮರನ್ನು ಸ್ಥಿರಾಸ್ತಿಯೆಂದು ಎಣಿಸುತ್ತಿದ್ದುದರಿಂದ ಕ್ರಯಪತ್ರಗಳು ನೋಟರಿಯ ಮುಂದೆ ಬರೆಯಲ್ಪಟ್ಟು ಉಳಿದವು. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಜ್ಞೆ ಇಂತಹ ಪತ್ರಗಳಿಂದ ಸುಮಾರು ಒಂದು ಲಕ್ಷ ಗುಲಾಮರ ವಿವರಗಳನ್ನು ಕಲೆಹಾಕಿ ೨೦೦೦ದಲ್ಲಿ ಪ್ರಕಟಿಸಿದರು. ಟೇಡೆಮಿ ಅವರು ಕ್ರಯಪತ್ರ, ಉಯಿಲು, ಭಾವಚಿತ್ರ ಇವುಗಳ ಪ್ರತಿಗಳನ್ನು ಕಥೆಯ ನಡುವೆ ಮುದ್ರಿಸಿ, ಕೃತಿಯನ್ನು ಕಾದಂಬರಿಯೆಂದೇ ಕರೆದಿದ್ದಾರೆ. ಒಡತಿಯಾದ ವಿಧವೆಯು ಸತ್ತ ಮೇಲೆ ಹರಾಜಿನಲ್ಲಿ ಮನೆಯವರು ಚದುರಿಹೋಗುವ ಸಂದರ್ಭವು ಪುಸ್ತಕದ ನಡುಗಂಬ. ಪತ್ರವು ಹೇಳುವುದು ಬೆಲೆಯನ್ನು. ಕೊಂಡವನು ಯಾರೆಂದು ಕಾದು ನಿಂತ ತಾಯಿಯ ಮನಸ್ಸನ್ನು ಹೇಳುವ ಹೊರೆ ಕಾದಂಬರಿಯದು. ಯಾವುದು ಪತ್ರ, ಯಾವುದು ಕಥೆ ಎಂಬುದನ್ನು ಓದುಗನು ಪುಟದ ಮೇಲೆಯೇ ಬೇರ್ಪಡಿಸಬಹುದು.

ಗಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಯಾ ಜಾಸಿ ಅವರ 'ಹೋಮ್‌ಗೋಯಿಂಗ್' (೨೦೧೬) ಒಂದು ಕವಲೊಡೆದ ವಂಶದ ಕಥೆ. ಎಫಿಯಾ ಮತ್ತು ಎಸಿ ಒಬ್ಬ ತಾಯಿಯ ಮಕ್ಕಳು, ಒಬ್ಬರನ್ನೊಬ್ಬರು ಅರಿಯರು. ಕೇಪ್‌ಕೋಸ್ಟ್ ಕೋಟೆಯಲ್ಲಿ ಒಬ್ಬಳು ಇಂಗ್ಲಿಷ್ ಅಧಿಕಾರಿಯ ಹೆಂಡತಿಯಾಗಿ ಮೇಲಿನ ಉಪ್ಪರಿಗೆಯಲ್ಲಿರುವಾಗ ಇನ್ನೊಬ್ಬಳು ಕೆಳಗಿನ ನೆಲಮಾಳಿಗೆಯಲ್ಲಿ ಹಡಗಿಗಾಗಿ ಕಾದಿರಿಸಿದ ಸರಕಾಗಿರುತ್ತಾಳೆ. ಎರಡು ಕವಲುಗಳಲ್ಲಿ ಏಳು ತಲೆಮಾರು, ತಲೆಮಾರಿಗೊಂದರಂತೆ ಹದಿನಾಲ್ಕು ಅಧ್ಯಾಯಗಳು. ಆಫ್ರಿಕದ ಕವಲಿನಲ್ಲಿ ಅಜ್ಜಿಯ ಕಪ್ಪುಕಲ್ಲಿನ ಸರವು ಕೈಯಿಂದ ಕೈಗೆ ಇಳಿದು ಬರುತ್ತದೆ. ಅಮೆರಿಕದ ಕವಲಿನದು ನೆಲಮಾಳಿಗೆಯ ಮಣ್ಣಿನಲ್ಲಿಯೇ ಉಳಿದುಹೋಗುತ್ತದೆ. ಆ ಕವಲಿನಲ್ಲಿ ನಾಲ್ಕನೆಯವನ ಹೆಸರು 'ಎಚ್' ಎಂಬ ಒಂದೇ ಅಕ್ಷರ. ಗರ್ಭಿಣಿಯಾಗಿದ್ದ ತಾಯಿಯನ್ನು ೧೮೫೦ರ ಗುಲಾಮಶಾಸನದ ಕಾಲದಲ್ಲಿ ಅಪಹರಿಸಿದರು. ಅವನಿಗೆ ಹೆಸರನ್ನು ಪೂರ್ತಿಗೊಳಿಸುವವರೇ ಉಳಿಯಲಿಲ್ಲ. ಗುಲಾಮಗಿರಿ ಮುಗಿದ ಮೇಲೆಯೂ ಅವನು ಕೈದಿಯಾಗಿ ಅಲಬಾಮದ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಾನೆ. ಪುಸ್ತಕದ ಮೊದಲಲ್ಲಿ ವಂಶವೃಕ್ಷವನ್ನು ಮುದ್ರಿಸಿದೆ. ಅದನ್ನು ಪೂರ್ತಿಯಾಗಿ ಕಾಣುವವನು ಓದುಗನು ಮಾತ್ರ. ಕೊನೆಯಲ್ಲಿ ಸಂಧಿಸುವ ಮಾರ್ಜೊರಿ, ಮಾರ್ಕಸ್ ಇಬ್ಬರಿಗೂ ತಾವು ಒಂದೇ ಬೇರಿನವರೆಂದು ತಿಳಿಯದು. ಹೇಲಿಯು ಕೂಡಿಸಿದೆನೆಂದು ಸಾರಿದ ಕೊಂಡಿಯನ್ನು ಜಾಸಿ ಬೇಕೆಂದೇ ಕೂಡಿಸದೆ ಬಿಟ್ಟಿದ್ದಾರೆ.

೭

ಇನ್ನು ನಿರ್ಣಯ. ಐತಿಹಾಸಿಕ ಕಾದಂಬರಿಯು ಇತಿಹಾಸವಲ್ಲವಾದ್ದರಿಂದ ಅದಕ್ಕೆ ಆಧಾರದ ಕಟ್ಟಿಲ್ಲವೆಂದು ಕೆಲವರು ಹೇಳುವುದುಂಟು. ಅರಸರ ಕಥೆಗಳಲ್ಲಿ ಈ ಮಾತು ನಡೆಯಬಹುದು. ಅಲ್ಲಿ ಕಾದಂಬರಿಯು ತಪ್ಪಿದರೂ ಶಾಸನವು ನಿಂತಿರುತ್ತದೆ. ಗುಲಾಮರ ವಂಶಕಥೆಯಲ್ಲಿ ಹಾಗಿಲ್ಲ. ಎಷ್ಟೋ ಓದುಗರಿಗೆ ಕಾದಂಬರಿಯೇ ವಂಶಾವಳಿಯ ಸ್ಥಾನದಲ್ಲಿ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ಪ್ರಾಮಾಣಿಕತೆಯ ಹೊಣೆ ಕಡಮೆಯಲ್ಲ, ಹೆಚ್ಚು. ಕೃತಿಯಲ್ಲಿ ಎಷ್ಟು ಆಧಾರವಿದೆ ಎಂಬುದು ಅದರ ಬೆಲೆಯ ಅಳತೆಗೋಲಲ್ಲ. 'ಹೋಮ್‌ಗೋಯಿಂಗ್'ನಲ್ಲಿ ಮನೆತನವೇ ಕಲ್ಪಿತ, ಆದರೂ ಅದು ಸತ್ಯಕ್ಕೆ ದ್ರೋಹ ಬಗೆದಿಲ್ಲ. ಆಧಾರಕ್ಕೂ ಕಲ್ಪನೆಗೂ ನಡುವಣ ಬೆಸುಗೆಯನ್ನು ಓದುಗನಿಂದ ಮರೆಸಿದೆಯೇ, ಕಾಣಗೊಟ್ಟಿದೆಯೇ ಎಂಬುದೇ ಅಳತೆಗೋಲು. ದಾಖಲೆಯಲ್ಲಿ ಹೆಸರಿಲ್ಲದ ಜಾಗವೂ ಒಂದು ದಾಖಲೆ. ನಡೆದ ಅನ್ಯಾಯದ ಗುರುತು ಅಲ್ಲಿದೆ. ಅದನ್ನು ಸುಂದರವಾದ ಹೆಸರಿನಿಂದ ಮುಚ್ಚಿಬಿಟ್ಟರೆ ಅನ್ಯಾಯದ ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ.

ಈ ವಿಚಾರವು ನಮಗೆ ದೂರದ್ದೆಂದು ಎಣಿಸಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಯ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಯರ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರೂ ಅರಬ್ ವರ್ತಕರೂ ಪಶ್ಚಿಮ ಕರಾವಳಿಗೆ ತಂದ ಗುಲಾಮರಲ್ಲಿ ಹಲವರು ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಕರ್ನಾಟಕದಲ್ಲಿ ಅವರಿಗೆ ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಅವರ ಹಾಡು, ಕುಣಿತ, ಹಿರಿಯರ ನೆನಪು ಇವುಗಳಲ್ಲಿ ಇರುವ ವಂಶಸ್ಮೃತಿಯನ್ನು ಸಂಗ್ರಹಿಸುವವರಿಗೂ, ಅದನ್ನು ಕನ್ನಡದಲ್ಲಿ ಕಥೆಯಾಗಿ ಬರೆಯುವವರಿಗೂ ಮೇಲಿನ ಕೃತಿಗಳ ಗೆಲವು ಸೋಲುಗಳೆರಡೂ ಪಾಠವಾಗಬಲ್ಲವು. ಹಿರಿಯರು ಹೇಳಿದ್ದನ್ನು ಹೇಳಿದಂತೆ ಬರೆದಿಡಬೇಕು. ನಾವು ಕೇಳಬಯಸುವುದನ್ನು ಅವರ ಬಾಯಿಂದ ಹೇಳಿಸಬಾರದು. ತಿಳಿಯದ ತಲೆಮಾರಿನ ಎಡೆಯನ್ನು ಬರಿದಾಗಿಯೇ ಬಿಟ್ಟು, ಅದು ಬರಿದಾದುದು ಏಕೆಂಬುದನ್ನು ಬರೆಯಬೇಕು.